ಉತ್ತರ ಕನ್ನಡದ ಮಳೆ, ಸೆಖೆಯಲ್ಲಿ ಮೊಲ ಸಾಕುವುದು: ಹುಲ್ಲಿನಿಂದ ಆಸ್ಪತ್ರೆಯವರೆಗೆ ಸಮಗ್ರ ಮಾರ್ಗದರ್ಶಿ

ಚೆನ್ನಾಗಿ ನೋಡಿಕೊಂಡರೆ ಮನೆಯ ಮೊಲ 8ರಿಂದ 10 ವರ್ಷ ಬಾಳುತ್ತದೆ. ಆದರೆ ಶಿರಸಿ, ಕುಮಟಾ, ಕಾರವಾರದ ಕಡೆ ಎಷ್ಟೋ ಮನೆಗಳಲ್ಲಿ ತಂದ ಮೊಲ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ‘ಮೊಲದ ಜೀವ ನಾಜೂಕು, ನಮ್ಮ ಹವೆಗೆ ಹಿಡಿಸುವುದಿಲ್ಲ’ ಎಂದು ಕೈಚೆಲ್ಲಿಬಿಡುತ್ತಾರೆ. ಏನು ತಿನ್ನಿಸುತ್ತಿದ್ದಿರಿ ಎಂದು ವಿಚಾರಿಸಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಕ್ಯಾರೆಟ್, ಕೋಸು, ಬಿಸ್ಕತ್ತು, ಒಂದಿಷ್ಟು ಅನ್ನ. ಒಣಹುಲ್ಲಿನ ಮಾತೇ ಬರುವುದಿಲ್ಲ. ನಮ್ಮ ಹವೆಯಲ್ಲಿ ಮೊಲ ಖಂಡಿತ ಬದುಕುತ್ತದೆ. ಮೊದಲು ಹುಲ್ಲು ಕೂಡಿಟ್ಟು ಆಮೇಲೆ ಮೊಲ ತರಬೇಕು, ಅಷ್ಟೆ.

ತರುವ ಮೊದಲು

ಮೊಲ ತರಲು ಒಳ್ಳೆಯ ಕಾಲ ಮಳೆ ಬಿಟ್ಟ ಮೇಲೆ, ದೀಪಾವಳಿಯ ಆಚೀಚೆ. ಬೆಟ್ಟ, ಬ್ಯಾಣಗಳಲ್ಲಿ (ಹುಲ್ಲುಗಾವಲುಗಳಲ್ಲಿ) ಕರಡದ ಹುಲ್ಲು ಕೊಯ್ಯುವ ಹೊತ್ತು ಅದು. ಬಿಸಿಲು ಹದವಾಗಿರುತ್ತದೆ, ಮುಂದಿನ ಸೆಖೆಗೆ ನಾಲ್ಕು ತಿಂಗಳಿರುತ್ತದೆ. ಪಟಾಕಿ ಮುಗಿಯುವವರೆಗೆ ಮಾತ್ರ ತಡೆಯಿರಿ. ಜೂನ್‌ನಲ್ಲಿ ಮರಿ ತಂದವರು ಒದ್ದೆ ಹುಲ್ಲು, ಒದ್ದೆ ಗೂಡು, ಹೊಸ ಮನೆಯ ಹೆದರಿಕೆ ಮೂರನ್ನೂ ಒಟ್ಟಿಗೆ ಆ ಪುಟ್ಟ ಪ್ರಾಣಿಯ ಮೇಲೆ ಹೇರಿದಂತೆ.

ಎರಡನೆಯ ಕೆಲಸ, ಡಾಕ್ಟರನ್ನು ವಿಚಾರಿಸಿಡುವುದು. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ನಾಯಿಗಳದ್ದೇ ಹೆಚ್ಚು ಕೆಲಸ. ‘ಮೊಲಕ್ಕೆ ಔಷಧಿ ಕೊಟ್ಟು ರೂಢಿ ಇದೆಯೇ’ ಎಂದು ಮೊದಲೇ ಕೇಳಿ. ಶಿರಸಿಯವರಿಗೆ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ಕಾರವಾರದವರಿಗೆ ಗೋವಾ ಹತ್ತಿರ. ಅಲ್ಲಿ ಮೊಲ ನೋಡುವ ಒಬ್ಬರ ನಂಬರನ್ನಾದರೂ ಫೋನಿನಲ್ಲಿ ಇಟ್ಟುಕೊಂಡಿರಿ. ಸರ್ಕಾರಿ ಪಶುವೈದ್ಯ ಸಹಾಯವಾಣಿ 1962 ಸಹ ಬರೆದಿಡಿ.

ಮರಿಗೆ ಕನಿಷ್ಠ ಎಂಟು ವಾರ ತುಂಬಿರಬೇಕು. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಮರಿ ಮುದ್ದಾಗಿ ಕಾಣುತ್ತದೆ ನಿಜ, ಆದರೆ ತಾಯಿಯ ಹಾಲು ಬೇಗ ಬಿಡಿಸಿದ ಮರಿಗೆ ಭೇದಿ ಹತ್ತಿದರೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಕೊಳ್ಳುವಾಗ ಎತ್ತಿ ನೋಡಿ: ಮೂಗು ಒಣಗಿರಬೇಕು, ಕಿವಿಯ ಒಳಗೆ ಹಕ್ಕಳೆ ಇರಬಾರದು, ಹಿಂಭಾಗ ಶುಚಿಯಾಗಿರಬೇಕು, ಮುಂದಿನ ಹಲ್ಲುಗಳು ನೇರವಾಗಿ ಒಂದರ ಮೇಲೊಂದು ಕೂತಿರಬೇಕು.

ತೋಟದಲ್ಲಿ, ಗದ್ದೆಯ ಬದುವಿನಲ್ಲಿ ಕಾಡುಮೊಲದ ಮರಿ ಸಿಕ್ಕಿತೆಂದು ಮನೆಗೆ ತರಬೇಡಿ. ಅದು ಬೇರೆಯೇ ಪ್ರಾಣಿ. ಸಾಕುಮೊಲದ ಮೂಲ ಯುರೋಪಿನದು. ನಮ್ಮ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿಯುವುದೂ ಸಾಕುವುದೂ ಅಪರಾಧ. ತಾಯಿ ಮೊಲ ಹಗಲೆಲ್ಲ ಮರಿಯನ್ನು ಒಂಟಿಯಾಗಿ ಬಿಟ್ಟು ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ. ಅದನ್ನು ಇದ್ದಲ್ಲೇ ಬಿಡಿ.

ಹುಲ್ಲು: ಊಟದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು

ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಅದನ್ನು ಸವೆಸುವುದು ಹುಲ್ಲು. ಒರಟಾದ ಎಳೆಯನ್ನು ದವಡೆ ಅಡ್ಡಡ್ಡ ಆಡಿಸಿ ಅರೆಯುವಾಗ ಒಳಗಿನ ಹಲ್ಲೂ ಸವೆಯುತ್ತದೆ. ಕ್ಯಾರೆಟ್ ಕಡಿದರೆ ಆ ಕೆಲಸ ಆಗುವುದಿಲ್ಲ. ಹಲ್ಲು ಉದ್ದವಾಗಿ ಕೆನ್ನೆ, ನಾಲಿಗೆಗೆ ಚುಚ್ಚತೊಡಗಿದರೆ ಮೊಲ ಹಸಿದಿದ್ದರೂ ತಿನ್ನುವುದಿಲ್ಲ.

ಹೊಟ್ಟೆಯ ಕಥೆ ಇನ್ನೂ ಮುಖ್ಯ. ಮೊಲದ ಕರುಳಿನ ಪಕ್ಕದಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅದರೊಳಗಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗು ಬರಿಸಿ ಪೋಷಕಾಂಶ ತೆಗೆಯುತ್ತವೆ. ಹೀಗೆ ತಯಾರಾದದ್ದು ಮೆತ್ತನೆಯ, ಹೊಳೆಯುವ, ಪುಟ್ಟ ದ್ರಾಕ್ಷಿಗೊಂಚಲಿನ ಆಕಾರದ ಹಿಕ್ಕೆಯಾಗಿ ಬರುತ್ತದೆ. ಮೊಲ ಅದನ್ನು ಬಾಯಿಟ್ಟು ನೇರವಾಗಿ ತಿನ್ನುತ್ತದೆ. ಅಸಹ್ಯಪಟ್ಟು ಬಿಡಿಸಲು ಹೋಗಬೇಡಿ, ಅದು ಅದರ ಊಟದ ಭಾಗ. ಈ ಇಡೀ ಕರುಳು ಸದಾ ಚಲಿಸುತ್ತಿರಬೇಕು, ಚಲಿಸುವಂತೆ ತಳ್ಳುವುದು ಉದ್ದ ನಾರು. ಹಿಟ್ಟು, ಸಕ್ಕರೆ ಹೆಚ್ಚಾಗಿ ನಾರು ಕಡಿಮೆಯಾದರೆ ಕರುಳು ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ.

ಅಂಗಡಿಯವರು, ಆನ್‌ಲೈನಿನವರು ಹೇಳುವ ಟಿಮೊಥಿ ಹುಲ್ಲು ಒಳ್ಳೆಯದೇ. ಆದರೆ ವರ್ಷವಿಡೀ ತರಿಸುವುದು ಕೈ ಸುಡುವ ಬಾಬ್ತು, ನಮ್ಮ ಕಡೆ ಅದಿಲ್ಲದೆಯೂ ನಡೆಯುತ್ತದೆ. ಘಟ್ಟದ ಮೇಲಿನವರಿಗೆ ಬ್ಯಾಣದ ಕರಡ ಇದೆ. ತೆನೆ ಪೂರ್ತಿ ಬಲಿತು ಕಡ್ಡಿಯಾಗುವ ಮೊದಲು, ಎಲೆ ಇನ್ನೂ ಹಸಿರಿರುವಾಗ ಕೊಯ್ದದ್ದು ಉತ್ತಮ. ದನ ಸಾಕುವವರ ಹತ್ತಿರ ನೇಪಿಯರ್ ಮೇವಿನ ಹುಲ್ಲು ಸಿಗುತ್ತದೆ. ಅಂಗಳದ ಗರಿಕೆಗಂತೂ ಸಾಟಿಯೇ ಇಲ್ಲ, ಹಸಿಯೂ ಸರಿ, ಒಣಗಿಸಿಯೂ ಸರಿ. ಕರಾವಳಿಯಲ್ಲಿ ಭತ್ತದ ಹುಲ್ಲು ಸುಲಭ, ಆದರೆ ಅದರಲ್ಲಿ ಸತ್ವ ಕಡಿಮೆ. ಬೇರೆ ಹುಲ್ಲಿನ ಜೊತೆ ಬೆರೆಸಲು ಆದೀತು, ಅದೊಂದನ್ನೇ ನಂಬಬೇಡಿ. ಕುದುರೆ ಮೆಂತ್ಯ ಆರು ತಿಂಗಳೊಳಗಿನ ಮರಿಗೆ, ಹಾಲೂಡಿಸುವ ತಾಯಿಗೆ ಒಳ್ಳೆಯದು. ಬೆಳೆದ ಮೊಲಕ್ಕೆ ಅದರ ಸುಣ್ಣದಂಶ ಹೆಚ್ಚಾಗುತ್ತದೆ.

ಒಣಗಿಸುವುದು ಹೀಗೆ. ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಅಂಗಳದಲ್ಲಿ ತೆಳ್ಳಗೆ ಹರವಿ, ದಿನಕ್ಕೆರಡು ಸಲ ಮಗುಚಿ. ಮೂರ್ನಾಲ್ಕು ದಿನದ ಒಳ್ಳೆಯ ಬಿಸಿಲು ಸಾಕು. ಒಂದು ಹಿಡಿ ತೆಗೆದುಕೊಂಡು ತಿರುಚಿದರೆ ಕರಕರ ಮುರಿಯಬೇಕು, ಬಣ್ಣ ತಿಳಿಹಸಿರಾಗಿರಬೇಕು, ಮೂಗಿಗೆ ಹಿಡಿದರೆ ಸಿಹಿಯಾದ ಹುಲ್ಲಿನ ವಾಸನೆ ಬರಬೇಕು. ನಡುವಿನ ಗಂಟು ಉಗುರಿನಿಂದ ಒತ್ತಿದರೆ ಹಸಿಯೆನಿಸಿದರೆ ಇನ್ನೊಂದು ದಿನ ಬಿಸಿಲು ಬೇಕು. ಆಮೇಲೆ ಅಟ್ಟದ ಮೇಲೆ, ಗೋಡೆಗೆ ತಾಗದಂತೆ ಅಡಿಕೆ ದಬ್ಬೆಯ ಮೇಲೆ ಇಡಿ. ಒಲೆ ಉರಿಯುವ ಮನೆಯ ಅಟ್ಟವಾದರೆ ಮಳೆಗಾಲದಲ್ಲೂ ಹುಲ್ಲು ಗರಿಗರಿಯಾಗಿರುತ್ತದೆ, ಹೊಗೆ ನೇರ ಹೊಡೆಯುವ ಜಾಗ ಮಾತ್ರ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಒಳಗೇ ಬೆವೆತು ಬೂಸ್ಟು ಬರುತ್ತದೆ. ಬೂಸ್ಟಿನ ವಾಸನೆ ಬಂದ, ಕೊಡವಿದರೆ ಬೂದಿ ಹಾರುವ ಹುಲ್ಲನ್ನು ಮತ್ತೆ ಬಿಸಿಲಿಗಿಟ್ಟು ಕೊಡುವ ಯೋಚನೆ ಬೇಡ, ಗೊಬ್ಬರದ ಗುಂಡಿಗೆ ಹಾಕಿ.

ಎಲ್ಲಿ ಕೊಯ್ಯಬಾರದು ಎಂಬುದೂ ತಿಳಿದಿರಲಿ. ಅಡಿಕೆ ತೋಟಕ್ಕೆ ಕೊಳೆರೋಗ ಬರದಂತೆ ಮುಂಗಾರು ಹಿಡಿಯುವ ಹೊತ್ತಿಗೆ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣ ಅಡಿಕೆ ಗೊನೆಗೆ ಬಿದ್ದಷ್ಟೇ ಕೆಳಗಿನ ಹುಲ್ಲಿಗೂ ಬೀಳುತ್ತದೆ. ತಾಮ್ರದ ಅಂಶ ಹೆಚ್ಚಾದರೆ ಮೊಲಕ್ಕೆ ವಿಷ. ಮಳೆಗಾಲ ಮುಗಿಯುವವರೆಗೆ ಮರದ ಬುಡದ ಹುಲ್ಲನ್ನು ಬಿಟ್ಟುಬಿಡಿ. ಕಳೆನಾಶಕ ಹೊಡೆದ ಜಾಗ, ಹೆದ್ದಾರಿಯ ಅಂಚು, ಬೀದಿನಾಯಿ ಓಡಾಡುವ ಬಯಲು ಇವೂ ಬೇಡ.

ಸೊಪ್ಪು

ಒಂದು ಕಿಲೋ ತೂಕಕ್ಕೆ ದಿನಕ್ಕೊಂದು ಹಿಡಿ ಸೊಪ್ಪು, ಎರಡು ಮೂರು ಬಗೆ ಬೆರೆಸಿ. ಕೊತ್ತಂಬರಿ, ಪುದೀನ, ತುಳಸಿ, ದಾಸವಾಳದ ಎಲೆ ಮತ್ತು ಹೂವು, ಬಾಳೆ ಎಲೆಯ ತುಂಡು, ಮೂಲಂಗಿ ಸೊಪ್ಪು, ಹಿತ್ತಲಿನ ಒಂದೆಲಗ ಎಲ್ಲ ಆಗುತ್ತದೆ. ನುಗ್ಗೆ, ಹರಿವೆ, ಬಸಳೆ ವಾರಕ್ಕೆ ಒಂದೆರಡು ಸಲ, ಸ್ವಲ್ಪವೇ ಕೊಡಿ. ನುಗ್ಗೆಯಲ್ಲಿ ಸುಣ್ಣದಂಶ, ಇನ್ನೆರಡರಲ್ಲಿ ಆಕ್ಸಲೇಟ್ ಹೆಚ್ಚು. ಕೋಸು, ಹೂಕೋಸು ಗ್ಯಾಸ್ ಮಾಡುತ್ತವೆ, ಬಿಡುವುದೇ ಲೇಸು.

ಕೊಡಲೇಬಾರದ್ದು: ಕೆಸುವಿನ ಎಲೆ, ಮರಗೆಣಸಿನ ಎಲೆ, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಬಟಾಟೆ ಮತ್ತು ಟೊಮ್ಯಾಟೊ ಗಿಡದ ಸೊಪ್ಪು. ಬೇಲಿಯಲ್ಲಿ ಬೆಳೆಯುವ ಕಣಗಿಲೆ, ಎಕ್ಕ, ದತ್ತೂರಿ, ಲಂಟಾನ ವಿಷ. ಕರಾವಳಿಯ ಗುಡ್ಡಗಳಲ್ಲಿ ಕಾಸರಕದ ಗಿಡ ಎಲ್ಲೆಲ್ಲೂ ಇರುತ್ತದೆ, ಕೊಯ್ದ ಹೊರೆಯಲ್ಲಿ ಅದರ ಒಂದು ಚಿಗುರೂ ಸೇರದಂತೆ ನೋಡಿಕೊಳ್ಳಿ. ಮಕ್ಕಳ ಕೈಯಲ್ಲಿ ಸೊಪ್ಪು ಕೊಯ್ಸುವುದಾದರೆ ಯಾವುದು ಎಂದು ಗಿಡದ ಹತ್ತಿರವೇ ನಿಂತು ತೋರಿಸಿ.

ಹೊಸ ಸೊಪ್ಪು ಯಾವುದನ್ನೇ ಆಗಲಿ ಒಂದೆರಡು ಎಲೆಯಿಂದ ಶುರುಮಾಡಿ. ಒಂದು ಸಲಕ್ಕೆ ಒಂದೇ ಹೊಸದು. ಮರುದಿನ ಹಿಕ್ಕೆ ಗಟ್ಟಿಯಾಗಿದ್ದರೆ ಹೆಚ್ಚಿಸಿ. ಹನ್ನೆರಡು ವಾರದೊಳಗಿನ ಮರಿಗೆ ಸೊಪ್ಪಿನ ಅವಸರವೇ ಬೇಡ, ಹುಲ್ಲು ಮತ್ತು ಅದು ಮೊದಲು ತಿನ್ನುತ್ತಿದ್ದ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರ) ಸಾಕು. ತಂದ ಕಡೆಯಿಂದಲೇ ಒಂದು ವಾರಕ್ಕಾಗುವಷ್ಟು ಅದೇ ಪೆಲೆಟ್ ಕೇಳಿ ತನ್ನಿ.

ಪೆಲೆಟ್, ಹಣ್ಣು, ನೀರು

ಎರಡು ಕಿಲೋ ತೂಕದ ಬೆಳೆದ ಮೊಲಕ್ಕೆ ಪೆಲೆಟ್ ದಿನಕ್ಕೆ 40–50 ಗ್ರಾಂ ಮೀರಬಾರದು. ಬಟ್ಟಲು ತುಂಬಿಟ್ಟರೆ ಹುಲ್ಲು ಮುಟ್ಟುವುದನ್ನೇ ಬಿಡುತ್ತದೆ. ಕಾಳು, ಬಣ್ಣದ ಚೂರು ಬೆರೆಸಿದ ಪೊಟ್ಟಣ ತರಬೇಡಿ. ಕೋಳಿ ಆಹಾರ, ದನದ ಹಿಂಡಿಯನ್ನು ಇದಕ್ಕೆ ಬದಲಾಗಿ ಹಾಕುವ ರೂಢಿ ಕೆಲವೆಡೆ ಇದೆ, ಅದು ಬೇಡವೇ ಬೇಡ. ಹಣ್ಣು, ಕ್ಯಾರೆಟ್ ವಾರಕ್ಕೆರಡು ಸಲ, ಹೆಬ್ಬೆರಳಿನ ತುದಿಯಷ್ಟು. ಹಲಸಿನ ಕಾಲದಲ್ಲಿ ಮನೆಯವರೆಲ್ಲ ತೊಳೆ ಬಿಡಿಸುತ್ತ ಕೂತಾಗ ಮೊಲಕ್ಕೂ ಒಂದೊಂದು ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಮನೆಯವರೆಲ್ಲ ಸೇರಿ ಒಂದೇ ಚೂರು ಎಂದು ಮಾತಾಡಿಕೊಳ್ಳಿ.

ನೀರು ಮಣ್ಣಿನ ಅಥವಾ ಪಿಂಗಾಣಿಯ ಭಾರದ ಬಟ್ಟಲಿನಲ್ಲಿ ಇಡಿ. ಒಂದು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 100 ಮಿಲಿಲೀಟರ್ ಕುಡಿಯುತ್ತದೆ, ಸೆಖೆಯಲ್ಲಿ ಇನ್ನೂ ಹೆಚ್ಚು.

ಗೂಡು

ರಾತ್ರಿಗೆ 4 ಅಡಿ ಉದ್ದ, 2 ಅಡಿ ಅಗಲ, ಎದ್ದು ನಿಂತರೆ ಕಿವಿ ತಾಗದಷ್ಟು ಎತ್ತರ ಕನಿಷ್ಠ ಬೇಕು. ಹಗಲು ಮೂರ್ನಾಲ್ಕು ತಾಸು ಜಗಲಿಯಲ್ಲೋ ಕೋಣೆಯಲ್ಲೋ ಓಡಾಡಲು ಬಿಡಬೇಕು, ಬಿಡುವ ಮೊದಲು ಕರೆಂಟಿನ ವಯರು ಎತ್ತಿ ಕಟ್ಟಬೇಕು. ಬರೀ ತಂತಿಜಾಲರಿಯ ನೆಲದ ಮೇಲೆ ನಿಂತು ನಿಂತು ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಹಲಗೆ ಹಾಕಿ, ಮೇಲೆ ಒಣಹುಲ್ಲು ಹಾಸಿ. ಸಾಮಿಲ್ಲಿನ ನುಣ್ಣನೆಯ ಮರದ ಪುಡಿ ಶ್ವಾಸಕೋಶಕ್ಕೆ ಕೆಡುಕು.

ಕೊಟ್ಟಿಗೆಗೆ ಹಾಸುವ ದರಕು (ಉದುರಿದ ಒಣ ಎಲೆ) ಕೈಗೆ ಸಿಗುತ್ತದೆಂದು ಮೊಲದ ಗೂಡಿಗೂ ಹಾಸಬೇಡಿ. ಕಾಡಿನ ದರಕಿನ ಜೊತೆ ಉಣುಗು (ಉಣ್ಣೆ ಹುಳ) ಮನೆಯೊಳಗೆ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದ ಕಡೆಯೂ ಇದೆ, ಅದನ್ನು ಹರಡುವುದು ಈ ಉಣುಗೇ. ಚಳಿಗಾಲದಿಂದ ಬೇಸಿಗೆಯವರೆಗೆ ಕಾಡಂಚಿನಿಂದ ತಂದ ಹುಲ್ಲನ್ನೂ ಬಿಸಿಲಿಗೆ ಹರವಿ, ಕೊಡವಿ ಒಳಗೆ ತನ್ನಿ.

ಕಾರವಾರ, ಅಂಕೋಲಾದ ಸಮುದ್ರದ ಗಾಳಿಗೆ ಸಾದಾ ಜಾಲರಿ ಒಂದು ವರ್ಷದಲ್ಲೇ ತುಕ್ಕು ಹಿಡಿದು ಪುಡಿಯಾಗಬಹುದು. ಸತು ಲೇಪಿಸಿದ ಗಟ್ಟಿ ಜಾಲರಿ ಹಾಕಿ. ಆಗಾಗ ಮೂಲೆಗಳನ್ನು ಕೈಯಿಂದ ಎಳೆದು ನೋಡಿ. ಹೆಗ್ಗಣ, ಮುಂಗುಸಿ, ಕೆರೆಹಾವುಗಳಿಗೆ ಒಂದು ಸಡಿಲ ಮೂಲೆ ಸಾಕು. ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಗೂಡಿನ ಕಾಲುಗಳನ್ನು ನೀರು ತುಂಬಿದ ಗೆರಟೆಯಲ್ಲಿ ಇಟ್ಟರೆ ಇರುವೆ ಹತ್ತುವುದಿಲ್ಲ. ಹಳ್ಳಿಮನೆಗಳಲ್ಲಿ ರಾತ್ರಿ ಗೂಡು ಮನೆಯ ಒಳಗೇ ಇರಲಿ. ನಾಯಿ ಬೊಗಳಿದರೂ, ಗೂಡು ಮುರಿಯದಿದ್ದರೂ, ಹೆದರಿಕೆಯಿಂದಲೇ ಮೊಲ ಸಾಯುವುದುಂಟು.

ಎತ್ತುವಾಗ ಕಿವಿ ಹಿಡಿಯಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಧಾರ. ಹಿಂಗಾಲು ತೂಗಾಡಿದರೆ ಜೋರಾಗಿ ಒದೆಯುತ್ತದೆ, ಆ ಒದೆತಕ್ಕೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಚಿಕ್ಕ ಮಕ್ಕಳು ನೆಲದ ಮೇಲೆ ಕೂತು ಆಡಿಸಲಿ. ಸ್ನಾನ ಮಾಡಿಸಬೇಡಿ. ಉಗುರನ್ನು ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಕೆಂಪು ನರ ಬಿಟ್ಟು ತುದಿ ಮಾತ್ರ ಕತ್ತರಿಸಿ.

ಗಂಡು, ಹೆಣ್ಣು

ಮೊಲಕ್ಕೆ ಜೊತೆ ಬೇಕು, ಆದರೆ ಗಂಡು–ಹೆಣ್ಣನ್ನು ಹಾಗೇ ಒಟ್ಟಿಗೆ ಬಿಟ್ಟರೆ 30–32 ದಿನಕ್ಕೊಮ್ಮೆ ಮರಿಗಳ ಸಾಲು. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬವಾಗಬಲ್ಲದು. ನಾಲ್ಕು ತಿಂಗಳಾಗುವ ಮೊದಲೇ ಬೇರೆ ಮಾಡಿ, ಮೊಲದ ಅನುಭವ ಇರುವ ಡಾಕ್ಟರರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ವಯಸ್ಸಾದಂತೆ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ಅದನ್ನೂ ಇದು ತಪ್ಪಿಸುತ್ತದೆ. ಗಂಡಿಗೆ ಆಪರೇಷನ್ ಆದ ಮೇಲೂ ಒಂದೂವರೆ ತಿಂಗಳು ಬೇರೆಯೇ ಇಡಿ. ಆಪರೇಷನ್ನಿಗೆ ಮೊದಲು ನಾಯಿಯಂತೆ ಮೊಲವನ್ನು ಉಪವಾಸ ಕೆಡವುವಂತಿಲ್ಲ. ಯಾರಾದರೂ ರಾತ್ರಿಯಿಂದ ಊಟ ಕೊಡಬೇಡಿ ಎಂದರೆ, ಮೊಲಕ್ಕೂ ಇದೇ ನಿಯಮವೇ ಎಂದು ಇನ್ನೊಮ್ಮೆ ಕೇಳಿ.

ಪ್ರತಿ ಬೆಳಿಗ್ಗೆ ಐದು ನಿಮಿಷ

ಮೊಲ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಅದು ಹೇಳದ್ದನ್ನು ಹಿಕ್ಕೆ ಹೇಳುತ್ತದೆ. ಆರೋಗ್ಯವಂತ ಮೊಲ ದಿನಕ್ಕೆ 200–300 ಹಿಕ್ಕೆ ಹಾಕುತ್ತದೆ. ಒಂದೇ ಅಳತೆಯ ಗುಂಡು, ಒಣಗಿದ್ದು, ವಾಸನೆ ಇಲ್ಲದ್ದು. ಒಂದನ್ನು ಎರಡು ಬೆರಳಲ್ಲಿ ಹಿಸುಕಿದರೆ ಒಳಗೆ ಹೊಂಬಣ್ಣದ ಹುಲ್ಲಿನ ಪುಡಿಯೇ ಕಾಣಬೇಕು. ಕಪ್ಪಾಗಿ, ಚಿಕ್ಕದಾಗಿ, ಗಟ್ಟಿಯಾಗಿದ್ದರೆ ಹುಲ್ಲು ಅಥವಾ ನೀರು ಸಾಲುತ್ತಿಲ್ಲ. ಕೂದಲಲ್ಲಿ ಪೋಣಿಸಿದ ಸರದಂತೆ ಬಂದರೆ ಕೂದಲು ಉದುರುವ ಕಾಲ, ದಿನವೂ ಬಾಚಿ, ಹುಲ್ಲು ಹೆಚ್ಚಿಸಿ. ಮೆತ್ತನೆಯ ದ್ರಾಕ್ಷಿಗೊಂಚಲು ಹಾಗೇ ಬಿದ್ದು ಹಿಂಭಾಗಕ್ಕೆ ಅಂಟಿದ್ದರೆ ಪೆಲೆಟ್, ಹಣ್ಣು ಹೆಚ್ಚಾಯಿತು ಎಂದರ್ಥ. ನೀರಿನಂಥ ಭೇದಿಯಾದರೆ ಆ ಹೊತ್ತೇ ಆಸ್ಪತ್ರೆ.

ಮೂತ್ರ ಕೆಲವೊಮ್ಮೆ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುವುದು ತಿಂದ ಸೊಪ್ಪಿನಿಂದ. ಒಂದೆರಡು ದಿನದಲ್ಲಿ ಹೋಗದಿದ್ದರೆ, ಹನಿಹನಿಯಾಗಿ ತಿಣುಕುತ್ತಿದ್ದರೆ ತೋರಿಸಿ.

ಜೂನ್‌ನಿಂದ ಸೆಪ್ಟೆಂಬರ್

ಮಳೆಗಾಲದ ಹಸಿಹುಲ್ಲಿನಲ್ಲಿ ನೀರೇ ಹೆಚ್ಚು. ಕೊಯ್ದ ಹುಲ್ಲನ್ನು ಚೆನ್ನಾಗಿ ಕೊಡವಿ, ಉಂಬಳ ಇದೆಯೇ ನೋಡಿ, ಜಗಲಿಯಲ್ಲಿ ಹರವಿ ನೀರಾರಿಸಿ ಕೊಡಿ. ರಾಶಿ ಹಾಕಿದರೆ ಒಳಗೆ ಬಿಸಿಯಾಗುತ್ತದೆ, ಬಿಸಿಯಾದ ಹುಲ್ಲು ಹೊಟ್ಟೆ ಉಬ್ಬರಿಸುತ್ತದೆ. ಹಸಿ ಎಷ್ಟು ಕೊಟ್ಟರೂ ಅಟ್ಟದ ಒಣಹುಲ್ಲು ಗೂಡಿನಲ್ಲಿ ಯಾವಾಗಲೂ ಇರಬೇಕು.

ಈ ನಾಲ್ಕು ತಿಂಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ನೊಣಕ್ಕೆ. ಒದ್ದೆಯಾದ, ಹೊಲಸಾದ ಹಿಂಭಾಗದ ಕೂದಲಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳವಾಗಿ ಚರ್ಮ ಕೊರೆಯತೊಡಗುತ್ತದೆ. ಬೆಳಿಗ್ಗೆ ಸಂಜೆ ಮೊಲವನ್ನು ತೊಡೆಯ ಮೇಲೆ ಕೂರಿಸಿ ಬಾಲ ಎತ್ತಿ, ಕೂದಲು ಬಿಡಿಸಿ ನೋಡಿ. ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ ಕಂಡರೆ ಬಾಚಿ ತೆಗೆಯಿರಿ. ಹುಳ ಕಂಡರೆ ಮನೆಮದ್ದು ಹಾಕುತ್ತ ಕೂರದೆ ಡಾಕ್ಟರ ಹತ್ತಿರ ಓಡಿ. ಗೂಡಿನ ಹಾಸನ್ನು ದಿನವೂ ಬದಲಿಸಿ, ಸುತ್ತ ಸೊಳ್ಳೆಪರದೆ ಕಟ್ಟಿ.

ಕಿವಿಯಂಚು, ಮೂಗು, ಉಗುರಿನ ಬುಡದಲ್ಲಿ ಬೂದುಬಣ್ಣದ ಹಕ್ಕಳೆ ಕಂಡರೆ ಕಜ್ಜಿ. ಚುಚ್ಚುಮದ್ದಿನಿಂದ ಗುಣವಾಗುತ್ತದೆ. ಬೇವಿನೆಣ್ಣೆ, ಸೀಮೆಎಣ್ಣೆ ಸವರಬೇಡಿ, ಮೊಲ ಅದನ್ನು ನೆಕ್ಕುತ್ತದೆ.

ಮಾರ್ಚ್‌ನಿಂದ ಮಳೆ ಬರುವವರೆಗೆ

ಮೊಲಕ್ಕೆ ಹಿತವಾದ ಉಷ್ಣತೆ 15ರಿಂದ 20 ಡಿಗ್ರಿ. 30 ದಾಟಿದರೆ ಅಪಾಯ, ಕರಾವಳಿಯ ಸೆಖೆಯಲ್ಲಿ ಇನ್ನೂ ಬೇಗ. ಅದಕ್ಕೆ ಬೆವರುವುದು ಗೊತ್ತಿಲ್ಲ, ಮುಖ್ಯವಾಗಿ ಕಿವಿಯ ರಕ್ತನಾಳಗಳಿಂದ ಮೈಯ ಬಿಸಿ ಹೊರಹೋಗಬೇಕು. ಶೀಟಿನ ಮಾಡಿನ ಕೆಳಗೆ ಗೂಡು ಇಡಬೇಡಿ. ಮಣ್ಣಿನ ನೆಲದ, ಹೆಂಚಿನ ಮನೆಯ ನಡುಕೋಣೆ ಒಳ್ಳೆಯದು. ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಅದಕ್ಕೆ ಆತು ಮಲಗುತ್ತದೆ. ಕರೆಂಟು ಹೋಗುವ ಊರಲ್ಲಿ ಇಂಥ ಎರಡು ಬಾಟಲಿ ಫ್ರಿಜ್ಜಿನಲ್ಲಿ ಸದಾ ಇರಲಿ.

ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಕಿವಿ ಕೆಂಪಾಗಿ ಸುಡುತ್ತಿದ್ದರೆ, ಜೊಲ್ಲು ಸುರಿದರೆ, ತಂಪು ನೀರಿನ ಬಟ್ಟೆಯಿಂದ ಕಿವಿ ಒರೆಸಿ, ಗಾಳಿ ಹಾಕುತ್ತ ಆಸ್ಪತ್ರೆಗೆ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತವೇ ಕೊಲ್ಲುತ್ತದೆ.

ತಿನ್ನುವುದು ಬಿಟ್ಟರೆ

ಬೆಳಿಗ್ಗೆ ಇಟ್ಟ ಹುಲ್ಲು ಹಾಗೇ ಇದೆ, ಹಿಕ್ಕೆ ಇಲ್ಲ, ಮೂಲೆಯಲ್ಲಿ ಬೆನ್ನು ಗೂನಾಗಿಸಿ ಹಲ್ಲು ಕಡಿಯುತ್ತ ಕೂತಿದೆ. ಇದು ‘ನಾಳೆ ನೋಡೋಣ’ ಎನ್ನುವ ವಿಷಯವಲ್ಲ. ಹನ್ನೆರಡು ತಾಸು ತಿನ್ನದ ಮೊಲದ ಜೀವ ಅಪಾಯದಲ್ಲಿದೆ. ಕರುಳು ನಿಂತಿರಬಹುದು, ಹಲ್ಲು ನೋಯುತ್ತಿರಬಹುದು, ಕೂದಲೋ ಬಟ್ಟೆಯ ಚೂರೋ ಅಡ್ಡ ಸಿಕ್ಕಿರಬಹುದು. ಡಾಕ್ಟರಿಗೆ ತಕ್ಷಣ ಫೋನ್ ಮಾಡಿ. ಅವರು ಹೊಟ್ಟೆ ಮುಟ್ಟಿ ನೋಡಿ ಒಪ್ಪಿದರೆ ಮಾತ್ರ ಪೆಲೆಟ್ಟನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿ ಮಾಡಿ, ಆರಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಿ, ನುಂಗುವುದನ್ನು ಕಾದು ಮುಂದಿನದು. ಅಡ್ಡ ಸಿಕ್ಕಿದ ಹೊಟ್ಟೆಗೆ ಗಂಜಿ ತುಂಬಿದರೆ ಕಷ್ಟ ಹೆಚ್ಚುತ್ತದೆ.

ಆಸ್ಪತ್ರೆಯಲ್ಲಿ ಎರಡು ಮಾತು ನೀವೇ ನೆನಪಿಸಿ, ಸಂಕೋಚ ಬೇಡ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಥರದ ಪೆನಿಸಿಲಿನ್ ಗುಂಪಿನ ಔಷಧಿಗಳು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣಕ್ಕೇ ಸಂಚಕಾರ. ನಾಯಿಗಳ ಉಣುಗಿಗೆ ಹಾಕುವ ಫಿಪ್ರೊನಿಲ್ ಕೂಡ ಮೊಲಕ್ಕೆ ಆಗದು. ಮನೆಯಲ್ಲಿ ಉಳಿದ ಮಕ್ಕಳ ಸಿರಪ್ಪು, ನಾಯಿಯ ಔಷಧಿ ಯಾವುದನ್ನೂ ಅಂದಾಜಿನ ಮೇಲೆ ಕೊಡಬೇಡಿ.

ಹೊರಡುವಾಗ ಗಾಳಿಯಾಡುವ ಪೆಟ್ಟಿಗೆಗೆ ಟವೆಲ್ ಹಾಸಿ, ಮೇಲೆ ಅದು ತಿನ್ನುವ ಹುಲ್ಲು ಒಂದು ಹಿಡಿ ಹಾಕಿ. ಕೊನೆಗೆ ಯಾವಾಗ ತಿಂದಿತು, ಯಾವಾಗ ಹಿಕ್ಕೆ ಹಾಕಿತು, ಈಚೆಗೆ ಹೊಸದಾಗಿ ಏನು ಕೊಟ್ಟಿರಿ, ತೂಕ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಿದ್ದ ಹಿಕ್ಕೆಯನ್ನೂ ಸಣ್ಣ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ದೇವಿಮನೆ ಘಟ್ಟವೋ ಅರಬೈಲು ಘಟ್ಟವೋ ಹತ್ತಿಳಿಯಬೇಕಾದ ದಾರಿಯಾದರೆ ಪೆಟ್ಟಿಗೆಯನ್ನು ಸೀಟಿನ ಕೆಳಗೆ ಅಲುಗದಂತೆ ಇಡಿ, ನಡುವೆ ಒಮ್ಮೆ ನಿಲ್ಲಿಸಿ ನೀರು ತೋರಿಸಿ.